ಲಿಟೋವಾದ ಊರು, ನ್ಯೆರೆರೆಯ ಅವಸರ



ಸಹಕಾರ ಮತ್ತು ಗ್ರಾಮಜೀವನದ ಬಗ್ಗೆಯೇ ಮಾತಾಡಬೇಕೆಂಬುದು ಈ ದತ್ತಿ ಉಪನ್ಯಾಸದ ಕರಾರು. ಆ ವಿಷಯ ಎತ್ತಿದ ಕೂಡಲೇ ಕನ್ನಡದ ಭಾಷಣಕಾರರು ಗದಗದ ಹಾದಿ ಹಿಡಿಯುತ್ತಾರೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘದಿಂದ ಶುರುಮಾಡಿ, ಇಂದಿನ ಡಿಸಿಸಿ ಬ್ಯಾಂಕುಗಳ ಚುನಾವಣೆಯ ರಂಪದವರೆಗೆ ಬಂದು ನಿಟ್ಟುಸಿರು ಬಿಡುವುದು ವಾಡಿಕೆ. ನಾನು ಆ ಹಾದಿ ಬಿಟ್ಟು ಬಹಳ ದೂರ ಹೋಗಲಿದ್ದೇನೆ. ವರ್ಷ ಮಾತ್ರ ಅದೇ. 1905ರ ಜುಲೈಯಲ್ಲಿ, ಪೂರ್ವ ಆಫ್ರಿಕಾದ ಮಟುಂಬಿ ಗುಡ್ಡಗಳಲ್ಲಿ, ಜರ್ಮನ್ ಸರ್ಕಾರ ಬಲವಂತದಿಂದ ಬೆಳೆಸುತ್ತಿದ್ದ ಹತ್ತಿಯ ಗಿಡಗಳನ್ನು ರೈತರು ಬೇರುಸಹಿತ ಕಿತ್ತೆಸೆದರು.

ಆ ದಂಗೆಗೆ ಮಾಜಿ ಮಾಜಿ ಎಂದು ಹೆಸರು; ಸ್ವಾಹಿಲಿಯಲ್ಲಿ ಮಾಜಿ ಎಂದರೆ ನೀರು. ಮಂತ್ರಿಸಿದ ನೀರಿನ ಬಲದಿಂದ ಬಂದೂಕಿನ ಗುಂಡು ನೀರಾಗಿ ಹರಿದುಹೋಗುತ್ತದೆಂದು ನಂಬಿ, ಹಲವು ಬುಡಕಟ್ಟುಗಳು ಒಟ್ಟಾಗಿ ಎದ್ದವು. ಜರ್ಮನ್ನರು ಪೈರು ಸುಟ್ಟರು, ಕಣಜ ಸುಟ್ಟರು, ಬರವನ್ನೇ ಆಯುಧ ಮಾಡಿಕೊಂಡು ಎರಡು ವರ್ಷದಲ್ಲಿ ದಂಗೆಯನ್ನು ಅಡಗಿಸಿದರು. ಸತ್ತವರ ಅಂದಾಜು 75 ಸಾವಿರದಿಂದ 3 ಲಕ್ಷದವರೆಗೆ ಹೋಗುತ್ತದೆ. ಬಹುಪಾಲು ಹಸಿವಿನ ಸಾವು. ದಕ್ಷಿಣದ ರುವುಮಾ ಸೀಮೆಯಲ್ಲಿ ಎಂಗೋನಿ ಜನರ ನಾಯಕರನ್ನು 1906ರಲ್ಲಿ ಗಲ್ಲಿಗೇರಿಸಿದರು. ಅವರಲ್ಲೊಬ್ಬನಾದ ಸೊಂಗೆಯಾನ ಹೆಸರನ್ನೇ ಅಲ್ಲಿನ ಪಟ್ಟಣ ಇಂದಿಗೂ ಹೊತ್ತಿದೆ.

ಆ ಸೊಂಗೆಯಾ ಪಟ್ಟಣದ ಸುತ್ತಲಿನ ಕಾಡಿನಲ್ಲಿ, 1960ರ ದಶಕದಲ್ಲಿ, ಹೊಸದಾಗಿ ಸ್ವತಂತ್ರವಾದ ಟಾಂಜಾನಿಯದ ಕೆಲವು ಹಳ್ಳಿಗರು ಯಾರ ಬಲವಂತವೂ ಇಲ್ಲದೆ ಕೂಡಿ ದುಡಿದು ಕೂಡಿ ಉಣ್ಣಲು ತೊಡಗಿದರು. ಅವರ ಮೊದಲ ಊರು ಲಿಟೋವಾ. ಅದನ್ನು ಕಂಡು ಮೆಚ್ಚಿ, ದೇಶಕ್ಕೆಲ್ಲ ಇದೇ ಮಾದರಿ ಎಂದುಕೊಂಡವರು ರಾಷ್ಟ್ರಾಧ್ಯಕ್ಷ ಜೂಲಿಯಸ್ ನ್ಯೆರೆರೆ. 1969ರ ಸೆಪ್ಟೆಂಬರಿನಲ್ಲಿ ಆ ಪ್ರಯೋಗವನ್ನು ಮುಚ್ಚಿಸಿದ್ದು ಅದೇ ನ್ಯೆರೆರೆಯ ಪಕ್ಷ. ಇದು ಹೇಗಾಯಿತು ಎಂಬುದೇ ಇಂದಿನ ನನ್ನ ವಿಷಯ. ನಾಯಕ ಭ್ರಷ್ಟನಾಗಿದ್ದರೆ ಉತ್ತರ ಸುಲಭವಿತ್ತು. ಈತ ಭ್ರಷ್ಟನಲ್ಲ, ಸ್ವಾತಂತ್ರ್ಯ ಪಡೆದ ದೇಶಗಳ ಮೊದಲ ತಲೆಮಾರಿನ ನಾಯಕರಲ್ಲಿ ಇಷ್ಟು ಸರಳವಾಗಿ ಬದುಕಿದವರನ್ನು ಹುಡುಕಿ ತೆಗೆಯಬೇಕು.

ಮೊದಲು ನೆಲದ ಕಥೆ ಇನ್ನಷ್ಟು ಹೇಳಬೇಕು. ಮೊದಲ ಮಹಾಯುದ್ಧದ ಬಳಿಕ ಈ ನೆಲ ಟಾಂಗನೀಕ ಎಂಬ ಹೆಸರಲ್ಲಿ ಬ್ರಿಟಿಷರ ಕೈಸೇರಿತು. ಎರಡನೆಯದು ಮುಗಿದಾಗ ಬ್ರಿಟನ್ನಿನಲ್ಲಿ ಅಡುಗೆ ಎಣ್ಣೆ, ಕೊಬ್ಬಿಗೆಲ್ಲ ರೇಷನ್. ಅದಕ್ಕೆ ಲಂಡನ್ನಿನ ಸರ್ಕಾರ ಕಂಡುಕೊಂಡ ಪರಿಹಾರ, ಬಹುಪಾಲು ಟಾಂಗನೀಕದಲ್ಲೇ 30 ಲಕ್ಷ ಎಕರೆಗೂ ಮೀರಿ ಕಾಡು ಕಡಿದು ಶೇಂಗಾ ಬಿತ್ತುವುದು. 1947ರಲ್ಲಿ ಕೊಂಗ್ವಾ ಎಂಬಲ್ಲಿ ಕೆಲಸ ಶುರುವಾಯಿತು. ಯುದ್ಧದಲ್ಲಿ ಮಿಕ್ಕಿದ್ದ ಶರ್ಮನ್ ಟ್ಯಾಂಕುಗಳನ್ನು ಟ್ರ್ಯಾಕ್ಟರುಗಳಾಗಿ ಮಾರ್ಪಡಿಸಿ ತಂದರು. ಬಾವೊಬಾಬ್ ಮರಗಳು ಬುಲ್ಡೋಜರಿಗೆ ಜಗ್ಗಲಿಲ್ಲ. ಮಳೆ ನಂಬುವಂತಿರಲಿಲ್ಲ. ಮಳೆ ನಿಂತ ಮೇಲೆ ಅಲ್ಲಿನ ಜೇಡಿ ಕಲ್ಲಾಗುತ್ತಿತ್ತು. ಚಳ್ಳಕೆರೆಯ ಯಾವ ಶೇಂಗಾ ಬೆಳೆಗಾರನನ್ನು ಕೇಳಿದ್ದರೂ ಹೇಳುತ್ತಿದ್ದ: ಹೂವು ಬಾಡಿದ ಮೇಲೆ ಕಾಯಿಯ ಮೊನೆ ಮಣ್ಣಿಗಿಳಿಯಬೇಕು, ಮಣ್ಣು ಸಡಿಲವಿಲ್ಲದಿದ್ದರೆ ಕಾಯಿ ಕಟ್ಟುವುದಿಲ್ಲ, ಕಟ್ಟಿದ್ದನ್ನು ಕೀಳಲೂ ಆಗುವುದಿಲ್ಲ. ಕೊಂಗ್ವಾದ ಸುತ್ತಲಿನ ಗೋಗೋ ಜನರಿಗೂ ತಮ್ಮ ಮಣ್ಣು ಗೊತ್ತಿತ್ತು. ಅವರನ್ನು ಕೇಳುವುದು ಯೋಜನೆಯಲ್ಲಿ ಇರಲಿಲ್ಲ. 1951ರ ಆರಂಭದಲ್ಲಿ ಬ್ರಿಟಿಷ್ ಸರ್ಕಾರ ಕೈಚೆಲ್ಲಿದಾಗ ಮುಳುಗಿದ ದುಡ್ಡು ಸುಮಾರು 3.6 ಕೋಟಿ ಪೌಂಡ್.

ಬಲವಂತದ ಹತ್ತಿ, ಟ್ಯಾಂಕಿನ ಶೇಂಗಾ — ಎರಡರ ನೆನಪೂ ಹಸಿಯಾಗಿರುವ ದೇಶ 1961ರ ಡಿಸೆಂಬರ್ 9ರಂದು ಸ್ವತಂತ್ರವಾಯಿತು. ಒಂದು ಕೋಟಿ ಮುಟ್ಟದ ಜನಸಂಖ್ಯೆ, ನೂರಿಪ್ಪತ್ತಕ್ಕೂ ಹೆಚ್ಚು ಬುಡಕಟ್ಟುಗಳು, ವಿಸ್ತಾರದಲ್ಲಿ ಕರ್ನಾಟಕದಂಥ ನಾಲ್ಕಕ್ಕೂ ಹೆಚ್ಚು ರಾಜ್ಯ ಹಿಡಿಸುವ ನೆಲ. ಬ್ರಿಟಿಷರು ಬಿಟ್ಟುಹೋದದ್ದು ಇಬ್ಬರು ಇಂಜಿನಿಯರು, ಹನ್ನೆರಡು ಮಂದಿ ವೈದ್ಯರು ಎಂದು ನ್ಯೆರೆರೆ ಮುಂದೆ ನೆನೆಯುತ್ತಿದ್ದರು. ಜನರಲ್ಲಿ ಬಹುಪಾಲು ಚದುರಿದ ಒಂಟಿ ಗುಡಿಸಲುಗಳಲ್ಲಿ ವಾಸ. ನಮ್ಮ ಬಯಲುಸೀಮೆಯ ಹಾಗೆ ಒತ್ತೊತ್ತಾದ ಊರು, ಬಾಗಿಲಿಗೆ ಅಗಸೆ, ನಡುವೆ ಚಾವಡಿ ಎಂಬ ಚಿತ್ರವನ್ನು ಅಲ್ಲಿಗೆ ಒಯ್ಯಬಾರದು. ಮಲೆನಾಡಿನ ಒಂಟಿಮನೆಗಳನ್ನು ನೆನೆದರೆ ಹತ್ತಿರವಾದೀತು.

ನ್ಯೆರೆರೆ ಹುಟ್ಟಿದ್ದು 1922ರಲ್ಲಿ, ವಿಕ್ಟೋರಿಯಾ ಸರೋವರಕ್ಕೆ ದೂರವಲ್ಲದ ಬುಟಿಯಾಮಾದಲ್ಲಿ, ಝನಾಕಿ ಎಂಬ ಸಣ್ಣ ಬುಡಕಟ್ಟಿನ ಮುಖ್ಯಸ್ಥನ ಮಗನಾಗಿ. ಸಣ್ಣ ಬುಡಕಟ್ಟು ಎಂಬುದು ರಾಜಕೀಯದಲ್ಲಿ ಅವರಿಗೆ ವರವಾಯಿತು; ಯಾರಿಗೂ ಭಯವಿರಲಿಲ್ಲ. ಮಕೆರೆರೆಯಲ್ಲಿ, ಆಮೇಲೆ ಎಡಿನ್‌ಬರೊದಲ್ಲಿ ಓದಿ, ದಾರ್ ಎಸ್ ಸಲಾಮಿನ ಹತ್ತಿರದ ಪೂಗುವಿನಲ್ಲಿ ಮೇಷ್ಟರಾದರು. 1954ರ ಜುಲೈ 7ರಂದು ಟಾನು ಪಕ್ಷ ಕಟ್ಟಿದರು. ಮರುವರ್ಷ ನೌಕರಿ ಬಿಟ್ಟರು. ಜನ ಕೊನೆಯವರೆಗೂ ಅವರನ್ನು ಮ್ವಾಲಿಮು, ಅಂದರೆ ಮೇಷ್ಟ್ರು ಎಂದೇ ಕರೆದರು. ದೇಶ ಆಳುತ್ತಲೇ ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ಮತ್ತು 'ಮರ್ಚೆಂಟ್ ಆಫ್ ವೆನಿಸ್' ನಾಟಕಗಳನ್ನು ಸ್ವಾಹಿಲಿಗೆ ತಂದ ಮನುಷ್ಯ.

ಸ್ವಾತಂತ್ರ್ಯ ಬಂದು ಎರಡು ತಿಂಗಳೂ ತುಂಬಿರಲಿಲ್ಲ, ನ್ಯೆರೆರೆ ಪ್ರಧಾನಿ ಪದವಿ ಬಿಟ್ಟು ಅದನ್ನು ರಶೀದಿ ಕವಾವಾಗೆ ಒಪ್ಪಿಸಿ, ಪಕ್ಷ ಕಟ್ಟಲು ಹಳ್ಳಿಗಳಿಗೆ ಹೊರಟರು. ಮರುವರ್ಷ ನಮ್ಮಲ್ಲೂ ಕಾಮರಾಜ್ ಯೋಜನೆ ಬಂತು, ಮಂತ್ರಿಗಳು ರಾಜೀನಾಮೆ ಕೊಟ್ಟು ಪಕ್ಷದ ಕೆಲಸಕ್ಕೆ ಹೊರಟರು. ಆದರೆ ನಮ್ಮಲ್ಲಿ ಎಷ್ಟು ಮಂದಿ ನಿಜವಾಗಿ ಹಳ್ಳಿಯ ಧೂಳು ಮೆಟ್ಟಿದರೋ ನಾನು ಹೇಳಲಾರೆ. ನ್ಯೆರೆರೆ ಸುತ್ತಿದರು. 1962ರ ಕೊನೆಗೆ ಅಧ್ಯಕ್ಷರಾಗಿ ಮರಳಿದರು. ಮೊದಲ ಭಾಷಣದಲ್ಲೇ ಜನರಿಗೆ ಹೇಳಿದ್ದು, ಚದುರಿ ಬಾಳಿದರೆ ಟ್ರ್ಯಾಕ್ಟರೂ ಇಲ್ಲ, ಶಾಲೆಯೂ ಇಲ್ಲ, ಹಳ್ಳಿಗಳಾಗಿ ಒಂದೆಡೆ ಸೇರಿ ಎಂದು. ಅದೇ 1962ರಲ್ಲಿ ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಡುವ ಕಾಯ್ದೆಯನ್ನೂ ತಂದರು. ಈ ಎರಡನ್ನೂ ಒಟ್ಟಿಗೇ ನೆನಪಿಡಬೇಕು. ನ್ಯೆರೆರೆಯ ಭಕ್ತರು ಎರಡನೆಯದನ್ನು ಮರೆಯುತ್ತಾರೆ, ಟೀಕಾಕಾರರು ಮೊದಲನೆಯದನ್ನು.

1964ರ ಜನವರಿಯಲ್ಲಿ ಸೈನ್ಯ ಬಂಡೆದ್ದಿತು. ಹೊಸ ರಾಷ್ಟ್ರದ ಅಧ್ಯಕ್ಷ ತಲೆಮರೆಸಿಕೊಳ್ಳಬೇಕಾಯಿತು. ಬಂಡಾಯ ಅಡಗಿಸಲು ನಿನ್ನೆಯವರೆಗಿನ ಯಜಮಾನರಾದ ಬ್ರಿಟಿಷರ ಸೈನಿಕರನ್ನೇ ಕರೆಸಬೇಕಾಯಿತು. ಈ ಅವಮಾನ ಆಳವಾಗಿ ನಾಟಿತು ಎಂದು ನನಗನ್ನಿಸುತ್ತದೆ. ಆ ಏಪ್ರಿಲ್‌ನಲ್ಲಿ ಜಂಜಿಬಾರ್ ಸೇರಿತು, ಆ ವರ್ಷವೇ ದೇಶದ ಹೆಸರು ಟಾಂಜಾನಿಯ ಆಯಿತು. ಮರುವರ್ಷ ಕಾಯ್ದೆ ಪ್ರಕಾರವೇ ಒಂದೇ ಪಕ್ಷದ ರಾಜ್ಯ. ಆದರೆ ಅದರಲ್ಲೂ ಒಂದು ವಿಶೇಷವಿತ್ತು. ಕ್ಷೇತ್ರಕ್ಕೆ ಒಂದೇ ಪಕ್ಷದ ಇಬ್ಬರು ಅಭ್ಯರ್ಥಿಗಳು ನಿಲ್ಲುತ್ತಿದ್ದರು. ಓದು ಬಾರದವರಿಗಾಗಿ ಒಬ್ಬನಿಗೆ ಗುದ್ದಲಿಯ ಗುರುತು, ಇನ್ನೊಬ್ಬನಿಗೆ ಮನೆಯ ಗುರುತು. 1965ರ ಆ ಚುನಾವಣೆಯಲ್ಲಿ ಮಂತ್ರಿಗಳೂ ಮಣ್ಣು ಮುಕ್ಕಿದರು. ಆ ಬಳಿಕ ಹಣಕಾಸು ಮಂತ್ರಿಯಾದವರು ಭಾರತೀಯ ಮೂಲದ ಅಮೀರ್ ಜಮಾಲ್. ಪಕ್ಕದ ಉಗಾಂಡದಲ್ಲಿ ಏಳು ವರ್ಷದ ನಂತರ ಇದಿ ಅಮೀನ್ ಭಾರತೀಯರನ್ನು ಹೊರಗಟ್ಟಿದ್ದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ.

ಈಗ ಲಿಟೋವಾಕ್ಕೆ ಬರೋಣ.

1960ರ ಸುಮಾರಿಗೆ ಟಾನು ಯುವಘಟಕದ ಕೆಲವು ಹುಡುಗರು, ಎನ್ತಿಂಬಂಜಾಯೊ ಮಿಲ್ಲಿಂಗಾ ಎಂಬಾತನ ಮುಂದಾಳತ್ವದಲ್ಲಿ, ಸೊಂಗೆಯಾದ ಕಾಡಿನಲ್ಲಿ ನೆಲ ಸವರಿ ಊರು ಹೂಡಲು ಹೋದರು. ಬೆಳೆ ಬರುವವರೆಗೆ ಉಣ್ಣುವುದೇನು ಎಂದು ಲೆಕ್ಕ ಹಾಕಿರಲಿಲ್ಲ. ಮೊದಲ ಪ್ರಯತ್ನ ಹಸಿವಿನಲ್ಲೇ ಮುಗಿಯಿತು. ಎರಡನೆಯ ಸಲ ಕಡಿಮೆ ಮಂದಿ, ಹೆಚ್ಚು ತಯಾರಿ. ರಾಲ್ಫ್ ಇಬ್ಬಟ್ ಎಂಬ ಇಂಗ್ಲಿಷ್ ಮನುಷ್ಯ ಹೆಂಡತಿ ಮಕ್ಕಳೊಂದಿಗೆ ಬಂದು ಊರಲ್ಲೇ ನೆಲೆಸಿ, ಸಲಹೆಗಾರನಾಗಿ ನಿಂತ. ಸುತ್ತಲಿನ ಊರುಗಳೂ ಒಂದೊಂದಾಗಿ ಸೇರಿ ರುವುಮಾ ಅಭಿವೃದ್ಧಿ ಸಂಘವಾಯಿತು. ದಶಕದ ಕೊನೆಗೆ ಅದರಲ್ಲಿದ್ದವು ಹದಿನೇಳರಷ್ಟು ಊರುಗಳು. ದೊಡ್ಡ ಸಂಖ್ಯೆಯೇನಲ್ಲ, ಅದನ್ನು ಒಪ್ಪಿಕೊಳ್ಳೋಣ.

ಒಳಗಿನ ನಡೆ ಹೇಗಿತ್ತು ಎಂಬುದು ಮುಖ್ಯ. ಹೊಲ ಎಲ್ಲರದು, ಮೆಕ್ಕೆಜೋಳ, ತಂಬಾಕು ಮುಖ್ಯ ಬೆಳೆ. ದುಡಿಮೆಯನ್ನು ಹಂಚುವುದು, ಬಂದದ್ದನ್ನು ಪಾಲು ಮಾಡುವುದು, ಜಗಳ ತೀರಿಸುವುದು ಎಲ್ಲವೂ ಊರಸಭೆಯಲ್ಲೇ. ಸಭೆಯಲ್ಲಿ ಹೆಂಗಸರ ಮಾತಿಗೂ ತೂಕವಿತ್ತು. ಅವರು ಹೊಲಕ್ಕೆ ಹೋದಾಗ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು ಇತ್ತು. ಹೊಸ ಊರೊಂದು ಸಂಘ ಸೇರಬೇಕೆಂದರೆ ಹಳೆಯ ಊರಿನವರು ಅಲ್ಲಿ ಹೋಗಿ ಇದ್ದು, ಕೆಲಸ ಮಾಡಿ ತೋರಿಸಬೇಕು. ಭಾಷಣ ಮಾಡಿ ಬರುವಂತಿಲ್ಲ. ಲಿಟೋವಾದಲ್ಲಿ ಒಂದು ಶಾಲೆ. ಸಂಘದ ಎಲ್ಲ ಊರುಗಳ ಮಕ್ಕಳೂ ಅಲ್ಲೇ ಉಳಿದು ಕಲಿಯುತ್ತಿದ್ದರು. ಪರೀಕ್ಷೆ ಪಾಸಾಗಿ ಪಟ್ಟಣ ಸೇರುವುದಕ್ಕಿಂತ ಊರಲ್ಲಿ ಚೆನ್ನಾಗಿ ಬಾಳುವುದನ್ನು ಆ ಶಾಲೆ ಕಲಿಸುತ್ತಿತ್ತು. ಹಿಟ್ಟಿನ ಗಿರಣಿಯೊಂದನ್ನು ಸಂಘ ಕೊಂಡಿತು. ಮರ ಕೊಯ್ಯುವ ಮಿಲ್ಲು ನಡೆಸಿತು. ವಿದೇಶಿ ನೆರವು ಬಂದದ್ದು ನಿಜ. ಅದನ್ನು ಎಲ್ಲಿ ಹಾಕಬೇಕೆಂಬ ತೀರ್ಮಾನ ಊರುಗಳದು.

ನ್ಯೆರೆರೆ ಇದನ್ನು ಕಣ್ಣಾರೆ ಕಂಡಿದ್ದರು. 1967ರಲ್ಲಿ ಅವರು ಹೊರಡಿಸಿದ ಸ್ವಾವಲಂಬನೆಯ ಶಿಕ್ಷಣದ ಪತ್ರದಲ್ಲೂ, ಗ್ರಾಮೀಣ ಸಮಾಜವಾದದ ಪತ್ರದಲ್ಲೂ ಲಿಟೋವಾದ ನೆರಳು ಸ್ಪಷ್ಟವಾಗಿದೆ. ಜನರನ್ನು ಯಾರೂ ಅಭಿವೃದ್ಧಿ ಮಾಡಲಾಗದು, ಜನ ತಮ್ಮನ್ನು ತಾವೇ ಅಭಿವೃದ್ಧಿ ಮಾಡಿಕೊಳ್ಳಬೇಕು ಎಂಬುದು ಆಗಿನ ಅವರ ಮಾತುಗಳ ಹುರುಳು. ಯಾರನ್ನೂ ಬಲವಂತವಾಗಿ ಉಜಮಾ, ಅಂದರೆ ಕೂಡಿ ಬಾಳುವ, ಹಳ್ಳಿಗೆ ತರಕೂಡದು ಎಂದೂ ಬರೆದಿದ್ದರು.

ಆ ವರ್ಷದ ಫೆಬ್ರವರಿ 5ರಂದು ಹೊರಬಿದ್ದ, ಪಕ್ಷದ ಸಮಾಜವಾದಿ ನೀತಿಯನ್ನು ಸಾರಿದ ಅರೂಷಾ ಘೋಷಣೆಯ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಒಂದು ಕಾಲಕ್ಕೆ ಬಹಳ ಮಾತು ನಡೆಯಿತು. ಬ್ಯಾಂಕುಗಳ ರಾಷ್ಟ್ರೀಕರಣ ನಮ್ಮಲ್ಲೂ ಎರಡು ವರ್ಷದ ನಂತರ ಆಯಿತು, ಅದರಲ್ಲಿ ಅಪರೂಪವೇನಿಲ್ಲ. ಅಪರೂಪದ್ದು ಘೋಷಣೆಯ ಕೊನೆಯ ಭಾಗ, ನಾಯಕರಿಗೆ ಹಾಕಿದ ಕಟ್ಟು. ಪಕ್ಷದಲ್ಲಾಗಲಿ ಸರ್ಕಾರದಲ್ಲಾಗಲಿ ನಾಯಕನಾದವನು ಯಾವ ಕಂಪನಿಯ ಷೇರನ್ನೂ ಇಟ್ಟುಕೊಳ್ಳುವಂತಿಲ್ಲ. ಖಾಸಗಿ ಕಂಪನಿಯ ನಿರ್ದೇಶಕನಾಗುವಂತಿಲ್ಲ. ಎರಡು ಸಂಬಳ ಪಡೆಯುವಂತಿಲ್ಲ. ಬಾಡಿಗೆಗೆ ಮನೆ ಕೊಡುವಂತಿಲ್ಲ. ನಮ್ಮ ವಿಧಾನಸೌಧದ ಮೆಟ್ಟಿಲ ಮೇಲೆ ಈ ನಾಲ್ಕು ನಿಯಮ ಓದಿದರೆ ಸಭೆಗೆ ಕೋರಂ ಸಿಗುತ್ತದೆಯೇ ಎಂದು ನೀವೇ ಊಹಿಸಿ. ಹಿಂದಿನ ವರ್ಷವಷ್ಟೇ ರಾಷ್ಟ್ರೀಯ ಸೇವೆ ಕಡ್ಡಾಯವೆಂದು ವಿದ್ಯಾರ್ಥಿಗಳು ಸಿಟ್ಟಾಗಿ ಮೆರವಣಿಗೆ ಬಂದಾಗ, ನ್ಯೆರೆರೆ ಅವರನ್ನೆಲ್ಲ ಊರಿಗೆ ಕಳಿಸಿದ್ದರು. ಅದೇ ಬಿಸಿಯಲ್ಲಿ ತಮ್ಮ ಸಂಬಳವನ್ನೂ ಶೇಕಡ 20ರಷ್ಟು ಕಡಿತ ಮಾಡಿಕೊಂಡರು. ಸಿಟ್ಟು ಬಂದಾಗ ತನ್ನ ಸಂಬಳ ಕಡಿದುಕೊಳ್ಳುವ ರಾಜಕಾರಣಿಯನ್ನು ನಾವು ಕಂಡಿಲ್ಲ.

ಹಾಗಾದರೆ ಲಿಟೋವಾಕ್ಕೆ ಏನಾಯಿತು? ಉತ್ತರ ರಾಜಧಾನಿಯಲ್ಲಿಲ್ಲ, ರಾಜಧಾನಿಗೂ ಊರಿಗೂ ನಡುವೆ ಇದೆ. ಜಿಲ್ಲೆ, ಪ್ರಾಂತ್ಯಗಳ ಕಮಿಷನರುಗಳು ಏಕಕಾಲಕ್ಕೆ ಸರ್ಕಾರಿ ಅಧಿಕಾರಿಗಳು ಮತ್ತು ಪಕ್ಷದ ಕಾರ್ಯದರ್ಶಿಗಳು. ಅವರ ಕೆಲಸದ ಅಳತೆ ಮೇಲಿನವರಿಗೆ ಒಪ್ಪಿಸುವ ಅಂಕಿ: ಎಷ್ಟು ಹಳ್ಳಿ, ಎಷ್ಟು ಎಕರೆ, ಎಷ್ಟು ತಂಬಾಕು. ರುವುಮಾದ ಊರುಗಳು ಈ ಅಂಕಿಗಳನ್ನು ತಾವೇ ತೀರ್ಮಾನಿಸಿಕೊಳ್ಳುತ್ತಿದ್ದವು. ಇಷ್ಟು ತಂಬಾಕು ಹಾಕಿ ಎಂದು ಬಂದವನನ್ನು ಸಭೆಯಲ್ಲಿ ಕೂರಿಸಿ ಯಾಕೆ ಎಂದು ಕೇಳುತ್ತಿದ್ದವು. ನಮ್ಮನ್ನು ಕೇಳದೆ ಇವರು ನಡೆಯುತ್ತಿದ್ದಾರೆ, ಇವರ ನಡುವೆ ಬಿಳಿಯರಿದ್ದಾರೆ, ಇದು ಪಕ್ಷದ ಹೊರಗಿನ ಪಕ್ಷ ಎಂಬ ದೂರು ಮೇಲಕ್ಕೆ ಹೋಯಿತು. ತಮಾಷೆಯೆಂದರೆ ಊರು ಕಟ್ಟಿದವರೆಲ್ಲ ಟಾನು ಪಕ್ಷದವರೇ. 1969ರ ಸೆಪ್ಟೆಂಬರಿನಲ್ಲಿ ಪಕ್ಷದ ಕೇಂದ್ರ ಸಮಿತಿ ಸಂಘವನ್ನು ವಿಸರ್ಜಿಸಿತು. ಗಿರಣಿ, ಮರದ ಮಿಲ್ಲಿನ ಯಂತ್ರಗಳು ವಶವಾದವು. ಮೇಷ್ಟರುಗಳನ್ನು ವರ್ಗ ಮಾಡಿದರು. ಇಬ್ಬಟ್ ಕುಟುಂಬ ದೇಶ ಬಿಟ್ಟಿತು. ಇನ್ನು ಮುಂದೆ ಎಲ್ಲ ಉಜಮಾ ಹಳ್ಳಿಗಳೂ ಪಕ್ಷದ ಕೈಕೆಳಗೆ ಎಂದಾಯಿತು. ಸಮಿತಿಯ ಅಧ್ಯಕ್ಷರು ನ್ಯೆರೆರೆ, ಅವರು ತಡೆಯಲಿಲ್ಲ.

ಯಾಕೆ ತಡೆಯಲಿಲ್ಲ? ಬಹುಮತಕ್ಕೆ ತಲೆಬಾಗಿದರು ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಅರ್ಧ ಉತ್ತರ. 1973ರಲ್ಲಿ ಇಡೀ ದೇಶವನ್ನು ಹಳ್ಳಿಗಳಿಗೆ ಸಾಗಿಸುವಾಗ ಅವರು ಯಾರ ಬಹುಮತಕ್ಕೂ ಕಾದಂತೆ ಕಾಣುವುದಿಲ್ಲ. ನನ್ನ ಓದಿನ ಪ್ರಕಾರ ಅವರಿಗೆ ಬೇಕಿದ್ದದ್ದು ಲಿಟೋವಾದ ಫಲ. ಅದು ಫಲ ಕೊಡಲು ಹಿಡಿದ ಏಳೆಂಟು ವರ್ಷದ ನಿಧಾನ ಅವರಿಗೆ ಬೇಡವಾಗಿತ್ತು. ಹದಿನೇಳು ಊರಿಗೆ ಅಷ್ಟು ವರ್ಷವಾದರೆ ಸಾವಿರಾರು ಊರಿಗೆ ಎಷ್ಟು? ಆ ಲೆಕ್ಕ ಅವರನ್ನು ಹೆದರಿಸಿರಬೇಕು. ಪಕ್ಷದ ಮೂಲಕವಾದರೆ ಎಲ್ಲ ಕಡೆ ಒಮ್ಮೆಗೇ ಆಗಬಹುದು ಎಂಬ ಆಸೆ ಬೇರೆ.

ಪಕ್ಷದ ಮೂಲಕ ಆದದ್ದು ಹೀಗೆ. ಇರಿಂಗಾ ಪ್ರಾಂತ್ಯದ ಇಸ್ಮಾನಿಯಲ್ಲಿ ಟ್ರ್ಯಾಕ್ಟರಿಟ್ಟು ಮೆಕ್ಕೆಜೋಳ ಬೆಳೆಯುವ ದೊಡ್ಡ ರೈತರಿದ್ದರು. ಅಲ್ಲಿನ ಪ್ರಾಂತ್ಯ ಕಮಿಷನರ್ ವಿಲ್ಬರ್ಟ್ ಕ್ಲೆರು, ಡಾಕ್ಟರೇಟ್ ಪಡೆದವರು, ಉಜಮಾದ ಕಟ್ಟಾಳು. 1971ರ ಕ್ರಿಸ್‌ಮಸ್ ದಿನ ಸಯೀದ್ ಮ್ವಾಂವಿಂಡಿ ಎಂಬ ರೈತ ಹೊಲ ಉಳುತ್ತಿದ್ದಲ್ಲಿಗೆ ಹೋಗಿ ಜಗಳ ತೆಗೆದರು. ರೈತ ಬಂದೂಕು ತಂದು ಸುಟ್ಟ. ಹೆಣವನ್ನು ತಾನೇ ವಾಹನದಲ್ಲಿ ಹಾಕಿಕೊಂಡು ಪೊಲೀಸ್ ಠಾಣೆಗೆ ಒಯ್ದ. ಅವನನ್ನು ಗಲ್ಲಿಗೇರಿಸಿದರು. ಈ ಪ್ರಕರಣದಲ್ಲಿ ಯಾರು ಸರಿ ಎಂದು ತೀರ್ಪು ಕೊಡಲು ನಾನು ಹೊರಟಿಲ್ಲ. ದೊಡ್ಡ ರೈತರು ಕೂಲಿಗಳ ಬೆವರಿನ ಮೇಲೆ ಬೆಳೆದದ್ದೂ ಸುಳ್ಳಲ್ಲ. ಆದರೆ ಊರಸಭೆ ಇರಬೇಕಾದ ಜಾಗದಲ್ಲಿ ಈಗ ಒಬ್ಬ ಅಧಿಕಾರಿ, ಒಂದು ಬಂದೂಕು ಎದುರುಬದುರು ನಿಂತಿದ್ದವು.

1972ರಲ್ಲಿ ವಿಕೇಂದ್ರೀಕರಣದ ಹೆಸರಲ್ಲಿ ಚುನಾಯಿತ ಜಿಲ್ಲಾ ಮಂಡಳಿಗಳನ್ನು ರದ್ದು ಮಾಡಿ, ರಾಜಧಾನಿಯ ಅಧಿಕಾರಿಗಳನ್ನು ಜಿಲ್ಲೆಗಳಿಗೆ ಕಳಿಸಿದರು. ನಮ್ಮಲ್ಲಿ ಅಬ್ದುಲ್ ನಜೀರ್ ಸಾಬರು 1983ರ ಪಂಚಾಯಿತಿ ಕಾಯ್ದೆಯಲ್ಲಿ ಮಾಡಲು ಹೊರಟದ್ದು ಇದರ ತದ್ವಿರುದ್ಧ: ಚುನಾಯಿತರ ಕೈಕೆಳಗೆ ಅಧಿಕಾರಿ. ನಾವು ಆ ಹೆಮ್ಮೆಯಲ್ಲಿ ಬಹಳ ಹೊತ್ತು ಕೂರುವ ಹಾಗೂ ಇಲ್ಲ. ಅವಧಿ ಮುಗಿದ ಪಂಚಾಯಿತಿಗಳಿಗೆ ಚುನಾವಣೆ ಮುಂದೂಡಿ ಆಡಳಿತಾಧಿಕಾರಿ ಕೂರಿಸುವುದು ನಮಗೆ ಹೊಸ ವಿದ್ಯೆಯಲ್ಲ.

1973ರ ನವೆಂಬರಿನಲ್ಲಿ ನ್ಯೆರೆರೆ ಹೇಳಿದರು, ಹಳ್ಳಿಗಳಲ್ಲಿ ವಾಸಿಸುವುದು ಇನ್ನು ಆಜ್ಞೆ ಎಂದು. ಗಡುವು 1976ರ ಕೊನೆ. ಲಾರಿಗಳು ಬಂದವು, ಸೈನಿಕರು ಬಂದರು, ಪಕ್ಷದ ಹುಡುಗರು ಬಂದರು. ಒಪ್ಪದವರ ಗುಡಿಸಲಿಗೆ ಕೆಲವು ಕಡೆ ಬೆಂಕಿ ಬಿತ್ತು. ಹೊಸ ಊರುಗಳನ್ನು ರಸ್ತೆಯ ಬದಿಗೆ ಸಾಲಾಗಿ ಗುರುತು ಹಾಕಿದರು, ಅಧಿಕಾರಿಗಳಿಗೆ ಹೋಗಿಬರಲು ಅನುಕೂಲ. ನೀರು ಎಲ್ಲಿದೆ, ಯಾವ ಮಣ್ಣಿನಲ್ಲಿ ಏನು ಬೆಳೆಯುತ್ತದೆ, ಹೊಲ ಎಷ್ಟು ದೂರ ಎಂಬುದು ಗುರುತು ಹಾಕುವವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ರೈತ ಲಾರಿಯಲ್ಲಿದ್ದ. ಬಿತ್ತನೆಯ ಹೊತ್ತಿಗೆ ಸಾಗಿಸಿದ್ದೂ ಉಂಟು. 1976ರ ಹೊತ್ತಿಗೆ ಒಂದು ಕೋಟಿಗೂ ಮೀರಿದ ಜನ ಈ ಹಳ್ಳಿಗಳಲ್ಲಿದ್ದರು. ಆಫ್ರಿಕಾದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಮರುವಸತಿ ಕಾರ್ಯ ಬೇರೆ ಸಿಗುವುದು ಕಷ್ಟ. ಅದೇ ವರ್ಷಗಳಲ್ಲಿ ಬರ, ತೈಲದ ಬೆಲೆ ಏರಿಕೆ. ದೇಶ ಹೊರಗಿನಿಂದ ಧಾನ್ಯ ತರಿಸಿ ಉಂಡಿತು. ಬರ ಎಷ್ಟು, ಸಾಗಣೆ ಎಷ್ಟು ಎಂದು ವಿದ್ವಾಂಸರು ಇಂದಿಗೂ ಕಾದಾಡುತ್ತಾರೆ. ಬಿತ್ತನೆಯ ಕಾಲದಲ್ಲಿ ಒಕ್ಕಲನ್ನು ಎಬ್ಬಿಸಿದರೆ ಏನಾಗುತ್ತದೆಂದು ತಿಳಿಯಲು ವಿದ್ವತ್ತು ಬೇಕಿಲ್ಲ.

ಇದಕ್ಕಿಂತ ನನಗೆ ಹೆಚ್ಚು ನೋವು ಕೊಡುವ ಸಂಗತಿ, ಸಹಕಾರದ ದತ್ತಿಯ ಮಾತಾದ್ದರಿಂದ ಹೇಳಲೇಬೇಕು. ಕಿಲಿಮಂಜಾರೊ ಪರ್ವತದ ತಪ್ಪಲಿನ ಚಾಗಾ ರೈತರು ತಮ್ಮ ಕಾಫಿಯನ್ನು ತಾವೇ ಮಾರಲು 1925ರಲ್ಲಿ ಬೆಳೆಗಾರರ ಸಂಘ ಕಟ್ಟಿದ್ದರು. 1933ರಲ್ಲಿ ಅದು ಸಹಕಾರಿ ಒಕ್ಕೂಟವಾಯಿತು. ಕೊಡಗು ಚಿಕ್ಕಮಗಳೂರಿನವರಿಗೆ ಆ ವ್ಯವಹಾರ ಅಪರಿಚಿತವಲ್ಲ. ವಿಕ್ಟೋರಿಯಾ ಸರೋವರದ ಬದಿಯಲ್ಲಿ ಸುಕುಮಾ ರೈತರ ಹತ್ತಿಯ ಸಹಕಾರಿ ಒಕ್ಕೂಟ ಅದಕ್ಕಿಂತ ದೊಡ್ಡದು. ದಲ್ಲಾಳಿಗಳ ತಕ್ಕಡಿ ಮೋಸಕ್ಕೆ ಬೇಸತ್ತು ಎದ್ದ ಸಂಘಗಳು ಅವು. ಕಡ್ಡಾಯವಾಗಿ ಬೆಳೆಸಿದ ಹತ್ತಿಯನ್ನು 1905ರಲ್ಲಿ ಕಿತ್ತೆಸೆದ ದೇಶದಲ್ಲೇ, ಮತ್ತೊಂದು ಮೂಲೆಯ ರೈತರು ಅದೇ ಹತ್ತಿಯನ್ನು ಸ್ವಂತ ಲೆಕ್ಕದಲ್ಲಿ ಬೆಳೆದು ಬಲವಾದರು. ಸ್ವಾತಂತ್ರ್ಯ ಚಳವಳಿಗೆ ಹಣವೂ ಕಾರ್ಯಕರ್ತರೂ ಬಂದದ್ದು ಈ ಸಂಘಗಳಿಂದ. ಒಳಗೆ ಹುಳುಕಿತ್ತು, ಲೆಕ್ಕಪತ್ರದ ಹಗರಣಗಳಿದ್ದವು, ದೊಡ್ಡ ಬೆಳೆಗಾರರ ಹಿಡಿತವಿತ್ತು. 1976ರಲ್ಲಿ ಸರ್ಕಾರ ಆ ಒಕ್ಕೂಟಗಳನ್ನೆಲ್ಲ ಒಂದೇ ಏಟಿಗೆ ರದ್ದು ಮಾಡಿ, ಖರೀದಿಯನ್ನು ಸರ್ಕಾರಿ ಮಂಡಳಿಗಳಿಗೆ ಒಪ್ಪಿಸಿತು. ಹಳ್ಳಿಯೇ ಸಹಕಾರಿ ಸಂಘ, ಬೇರೆ ಸಂಘ ಯಾಕೆ ಎಂಬುದು ತರ್ಕ. ಹಣ ತಡವಾಗಿ ಬರತೊಡಗಿತು, ರೈತ ಮಾರುವ ಬೆಳೆ ಬಿಟ್ಟು ಉಣ್ಣುವ ಬೆಳೆಗೆ ಹಿಂದಿರುಗಿದ. ಆರು ವರ್ಷದ ನಂತರ ಹೊಸ ಕಾಯ್ದೆ ತಂದು ಒಕ್ಕೂಟಗಳಿಗೆ ಮತ್ತೆ ದಾರಿ ಮಾಡಿದರು. ಅಷ್ಟರಲ್ಲಿ ಅವುಗಳ ಗೋದಾಮು, ಅನುಭವಿ ಕಾರ್ಯದರ್ಶಿಗಳು, ಸದಸ್ಯರ ವಿಶ್ವಾಸ ಎಲ್ಲ ಚೆಲ್ಲಾಪಿಲ್ಲಿಯಾಗಿತ್ತು. ಮನೆಯಲ್ಲಿ ಹೆಪ್ಪು ಕೆಡಿಸಿಕೊಂಡವರಿಗೆ ಗೊತ್ತು, ಹಾಲು ಎಷ್ಟಿದ್ದರೂ ಮೊಸರಾಗಲು ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಬೇಕು. ಇಲ್ಲಿ ಪಕ್ಕದ ಮನೆಗಳಲ್ಲೂ ಹೆಪ್ಪು ಉಳಿದಿರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ಅದೇ ದಶಕದಲ್ಲಿ ಅದೇ ದೇಶ ಓದಲು ಕಲಿಯಿತು. 1967ರಲ್ಲಿ ದೊಡ್ಡವರಲ್ಲಿ ಮೂವರಿಗೆ ಇಬ್ಬರು ನಿರಕ್ಷರಿಗಳು. ಹತ್ತು ವರ್ಷದ ನಂತರ ಸರ್ಕಾರದ ಲೆಕ್ಕದಲ್ಲಿ ಅದು ನಾಲ್ವರಿಗೆ ಒಬ್ಬರಷ್ಟು. ಸರ್ಕಾರದ ಲೆಕ್ಕವನ್ನು ಸ್ವಲ್ಪ ತಗ್ಗಿಸಿಕೊಂಡರೂ ಸಾಧನೆ ದೊಡ್ಡದು. 1973ರಲ್ಲಿ 'ಮ್ತು ನಿ ಆಫ್ಯಾ' ಎಂಬ ರೇಡಿಯೊ ಆಂದೋಲನ ನಡೆಯಿತು. ವಾರಕ್ಕೊಮ್ಮೆ ರೇಡಿಯೊ ಸುತ್ತ ಹಳ್ಳಿಯವರು ಗುಂಪಾಗಿ ಕೂತು ಮಲೇರಿಯ, ಭೇದಿ, ಶುದ್ಧ ನೀರಿನ ಪಾಠ ಕೇಳುವುದು, ಆಮೇಲೆ ತಾವೇ ಚರ್ಚಿಸಿ ಏನು ಮಾಡಬೇಕೆಂದು ತೀರ್ಮಾನಿಸುವುದು. ಸುಮಾರು 20 ಲಕ್ಷ ಜನ ಪಾಲ್ಗೊಂಡರು, ಲಕ್ಷಾಂತರ ಶೌಚಗುಂಡಿ ತೋಡಿದರು. ಯಾರೂ ಬಂದೂಕು ಹಿಡಿದು ನಿಂತಿರಲಿಲ್ಲ. ಪ್ರತಿ ಹತ್ತು ಮನೆಗೆ ಒಬ್ಬ ಪ್ರತಿನಿಧಿ ಎಂಬ ಪಕ್ಷದ ಜಾಲ ಆ ಕೆಲಸಕ್ಕೆ ಚೆನ್ನಾಗಿ ಒದಗಿತು. ಮರುವರ್ಷ ಲಾರಿಗೆ ಜನರನ್ನು ಹತ್ತಿಸಲೂ ಅದೇ ಜಾಲ ಒದಗಿತು ಎಂಬುದನ್ನು ಮರೆಯದಿರೋಣ.

ಎಲ್ಲಕ್ಕೂ ಮಿಗಿಲಾಗಿ, ಬುಡಕಟ್ಟಿನ ಹೆಸರಲ್ಲಿ ಆ ದೇಶ ಒಡೆಯಲಿಲ್ಲ. ಸುತ್ತ ರುವಾಂಡ, ಬುರುಂಡಿ, ಉಗಾಂಡ, ಕಾಂಗೊ. ನಡುವೆ ಟಾಂಜಾನಿಯ ನೆರೆಯ ನಿರಾಶ್ರಿತರಿಗೆ ಆಸರೆ ಕೊಡುತ್ತ ನಿಂತಿತು. ಸ್ವಾಹಿಲಿ ಯಾವ ದೊಡ್ಡ ಬುಡಕಟ್ಟಿನ ಮಾತೂ ಆಗಿರಲಿಲ್ಲ, ಎಲ್ಲರಿಗೂ ಅಷ್ಟಿಷ್ಟು ಬರುತ್ತಿತ್ತು. ಅದನ್ನು ಶಾಲೆಗೆ, ಕಚೇರಿಗೆ, ಸಂಸತ್ತಿಗೆ ತಂದರು. ಒಂದು ಸೀಮೆಯ ಮಕ್ಕಳನ್ನು ಇನ್ನೊಂದು ಸೀಮೆಯ ವಸತಿ ಶಾಲೆಗೆ ಕಳಿಸಿದರು. ಮುಖ್ಯಸ್ಥರ ಪಟ್ಟಗಳನ್ನು 1963ರಲ್ಲೇ ಕಿತ್ತರು. ಪಟ್ಟ ಹೋದವರಲ್ಲಿ ನ್ಯೆರೆರೆಯ ಸ್ವಂತ ಮನೆತನದವರೂ ಇದ್ದರು. ಕೊಂಗ್ವಾದ ಪಾಳುಬಿದ್ದ ಶೇಂಗಾ ನೆಲದಲ್ಲಿ ದಕ್ಷಿಣ ಆಫ್ರಿಕಾದ ವಿಮೋಚನಾ ಹೋರಾಟಗಾರರು ಶಿಬಿರ ಹೂಡಿದ್ದು ಈ ಕಥೆಯ ಇನ್ನೊಂದು ಸೊಗಸಾದ ಎಳೆ, ಅದನ್ನು ಬೇರೆ ದಿನಕ್ಕೆ ಬಿಡುತ್ತೇನೆ.

ಅರೂಷಾದ ಹತ್ತು ವರ್ಷ ತುಂಬಿದಾಗ ನ್ಯೆರೆರೆ ಒಂದು ಪತ್ರ ಬರೆದರು. ದೇಶ ಸಮಾಜವಾದಿಯೂ ಆಗಿಲ್ಲ, ಸ್ವಾವಲಂಬಿಯೂ ಆಗಿಲ್ಲ ಎಂದು ಅದರಲ್ಲಿ ನೇರವಾಗಿ ಒಪ್ಪಿಕೊಂಡರು. ಆಳುತ್ತಿರುವಾಗಲೇ ಹೀಗೆ ಬರೆದ ಅಧ್ಯಕ್ಷರು ಕಡಿಮೆ. 1985ರಲ್ಲಿ ತಾವಾಗಿಯೇ ಕುರ್ಚಿ ಬಿಟ್ಟು ಬುಟಿಯಾಮಾದಲ್ಲಿ ಬೇಸಾಯಕ್ಕೆ ನಿಂತರು. ಬಡದೇಶಗಳ ಪರವಾಗಿ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಸೌತ್ ಕಮಿಷನ್‌ಗೆ ಮನಮೋಹನ್ ಸಿಂಗ್ ಪ್ರಧಾನ ಕಾರ್ಯದರ್ಶಿ. 1995ರಲ್ಲಿ ಭಾರತ ಸರ್ಕಾರ ಗಾಂಧಿ ಶಾಂತಿ ಪ್ರಶಸ್ತಿ ಸ್ಥಾಪಿಸಿದಾಗ ಮೊದಲ ಪ್ರಶಸ್ತಿ ಸಂದದ್ದು ಅವರಿಗೇ. ಗಾಂಧೀಜಿ 1973ರ ಲಾರಿಗಳನ್ನು ಕಂಡಿದ್ದರೆ ಏನನ್ನುತ್ತಿದ್ದರೋ. ಆದರೆ ಸಂಬಳ ಕಡಿದುಕೊಂಡದ್ದನ್ನೂ ತಪ್ಪನ್ನು ಬರೆದು ಒಪ್ಪಿದ್ದನ್ನೂ ಕಂಡು ಕೈಹಿಡಿಯುತ್ತಿದ್ದರು ಎಂದು ನನಗೆ ಅನುಮಾನವಿಲ್ಲ.

ಹಾಗೆ ಬಲವಂತದಿಂದ ಹೂಡಿದ ಹಳ್ಳಿಗಳು ಏನಾದವು? ಕೂಡಿ ಉಳುವ ಹೊಲಗಳು ಬೇಗ ಮಾಯವಾದವು. ಅಲ್ಲಿ ಯಾರೂ ಮನಸಿಟ್ಟು ದುಡಿದಿರಲಿಲ್ಲ. ಕೆಲವರು ಹಳೆಯ ಜಾಗಕ್ಕೆ ಮರಳಿದರು. ಊರುಗಳು ಮಾತ್ರ ಬಹುಪಾಲು ಉಳಿದವು, ಶಾಲೆ, ದವಾಖಾನೆ ಅಲ್ಲಿದ್ದದ್ದರಿಂದ. ನ್ಯೆರೆರೆ ತೀರಿಕೊಂಡದ್ದು 1999ರ ಅಕ್ಟೋಬರ್ 14ರಂದು. ಅದೇ ವರ್ಷ ಟಾಂಜಾನಿಯದ ಸಂಸತ್ತು ಗ್ರಾಮ ಭೂಮಿ ಕಾಯ್ದೆ ಮಾಡಿತು. ಊರಿನ ನೆಲದ ಆಡಳಿತ ಗ್ರಾಮ ಮಂಡಳಿಯದು, ಮಂಡಳಿ ವಯಸ್ಕರೆಲ್ಲರ ಗ್ರಾಮಸಭೆಗೆ ಉತ್ತರ ಹೇಳಬೇಕು ಎನ್ನುತ್ತದೆ ಆ ಕಾಯ್ದೆ. ಲಿಟೋವಾದವರು ಕೇಳಿದ್ದೂ ಹೆಚ್ಚುಕಡಿಮೆ ಇಷ್ಟೇ. ಅದೇ ಕಾಯ್ದೆಯ ಇನ್ನೊಂದು ಕಲಮಿನಂತೆ, ಸಾರ್ವಜನಿಕ ಹಿತವೆಂದು ತೋರಿದರೆ ರಾಷ್ಟ್ರಾಧ್ಯಕ್ಷರು ಊರಿನ ನೆಲವನ್ನು ಸರ್ಕಾರದ ನೆಲವಾಗಿ ವರ್ಗಾಯಿಸಬಹುದು; ಬಂಡವಾಳ ಹೂಡುವವರಿಗೆ ಕೊಡುವುದೂ ಸಾರ್ವಜನಿಕ ಹಿತದ ಪಟ್ಟಿಯಲ್ಲಿ ಸೇರಿದೆ.